ಹಕ್ಕು ಯಾರದು, ದಂಡು ಯಾರದು?

ಸೂಡಾನ್ ದೇಶದ ರಾಜಧಾನಿಯಾದ ಖಾರ್ಟೂಮಿನಲ್ಲಿ 2023ನೆಯ ಇಸವಿ ಏಪ್ರಿಲ್ 15ರಂದು ಹೊತ್ತಿಕೊಂಡ ಕಿಚ್ಚು ಒಂದು ಕೋಟಿಗೂ ಮೇಲ್ಪಟ್ಟ ಜನರನ್ನು ಮನೆಮಠ ಬಿಡಿಸಿತು. ಅಲ್ಲಿ ಸೇನಾಪತಿ ಬುರ್ಹಾನರ ಸರ್ಕಾರವೊಂದು. ಅವರೊಡನೆ ಮೊದಲು ಅಧಿಕಾರವನ್ನು ಹಂಚಿಕೊಂಡಿದ್ದು ಬಳಿಕ ತಿರುಗಿಬಿದ್ದ ದಗಲೋ ಅವರ ಪಕ್ಷವು 2025ರಲ್ಲಿ ನ್ಯಾಲಾ ಪಟ್ಟಣದಲ್ಲಿ ಸಾರಿಕೊಂಡ ಪ್ರತಿಸರ್ಕಾರ ಮತ್ತೊಂದು. ಲಿಬಿಯಾದಲ್ಲಿ 2014ರಲ್ಲಿ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಅಧಿಕಾರಪೀಠಗಳೆದ್ದು, ಮುಂದೆ ಒಂದರ ಬೆನ್ನಿಗೆ ತುರ್ಕಿಯ ಸೈನ್ಯವೂ ಮತ್ತೊಂದರ ಬೆನ್ನಿಗೆ ರಷ್ಯದ ಕೂಲಿಯೋಧರೂ ನಿಂತುದನ್ನು ಲೋಕವು ಕಂಡಿತು. ಯೆಮನ್ ದೇಶದಲ್ಲಿ ಪದವಿಯನ್ನು ಕಳೆದುಕೊಂಡ ಅಧ್ಯಕ್ಷರನ್ನು ಮರಳಿ ಪೀಠದಲ್ಲಿ ಕೂರಿಸುವೆವೆಂದು ಸೌದಿ ಅರೇಬಿಯದ ಕೂಟವು 2015ರ ಮಾರ್ಚಿ ತಿಂಗಳಿನಲ್ಲಿ ವಿಮಾನಗಳಿಂದ ಬಾಂಬು ಸುರಿಯಲಾರಂಭಿಸಿತು. ಆ ಅಧ್ಯಕ್ಷರು ಏಳು ವರ್ಷಗಳ ತರುವಾಯ, ತಮ್ಮ ರಾಜಧಾನಿಯ ಬಾಗಿಲನ್ನು ಮತ್ತೆ ಕಾಣದೆಯೇ, ಪರದೇಶದಲ್ಲಿ ಕುಳಿತು ಅಧಿಕಾರವನ್ನು ಬಿಟ್ಟುಕೊಟ್ಟರು.

ಈ ಸುದ್ದಿಗಳನ್ನು ಓದುವ ನಮ್ಮ ಪಟ್ಟಣಿಗರಲ್ಲಿ ಎರಡು ಪಕ್ಷಗಳುಂಟು. ಯಾವ ಸರ್ಕಾರವು ನ್ಯಾಯವಾದುದೆಂಬುದನ್ನು ಮೊದಲು ನಿಷ್ಕರ್ಷಿಸಿ, ಆ ಪಕ್ಷಕ್ಕೆ ಪ್ರಬಲರಾಷ್ಟ್ರಗಳು ಶಸ್ತ್ರಸಹಾಯ ಮಾಡುವುದೇ ಧರ್ಮವೆಂದು ಒಂದು ಪಕ್ಷದವರು ವಾದಿಸುವರು. ನಮಗೇಕೆ ಊರ ಉಸಾಬರಿ ಎಂದು ಇನ್ನೊಂದು ಪಕ್ಷದವರು ಪತ್ರಿಕೆಯನ್ನು ಮಡಿಸಿಡುವರು. ನಮಗೆ ಎರಡೂ ಸಮ್ಮತವಲ್ಲ. ಇಬ್ಬರು ಹಕ್ಕುದಾರರು, ಇಬ್ಬರಿಗೂ ಹೊರಗಿನ ಒತ್ತಾಸೆ, ನಡುವೆ ಬೆಂದುಹೋಗುವ ಊರುಗಳು: ಇದು ನಮಗೆ ಪರದೇಶದ ಕಥೆಯಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಇದೇ ನಾಟಕವು ಹಿಂದೆ ನಡೆದುಹೋಗಿದೆ. ಅದರ ಲೆಕ್ಕವು ಆದಿಯಿಂದ ಅಂತ್ಯದವರೆಗೆ ನಮ್ಮ ಕೈಯಲ್ಲಿರುವುದು. ಸೂಡಾನಿನ ಲೆಕ್ಕವಾದರೋ ಇನ್ನೂ ಮುಗಿದಿಲ್ಲ.

2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಧಾವಿಸುವ ಪ್ರಯಾಣಿಕನಿಗೆ ಈ ಸೀಮೆಯ ಬೆಟ್ಟಗಳು ಕಣ್ಣಿಗೆ ಬಿದ್ದು ಮರೆಯಾಗುವುದರೊಳಗೆ ಮಂಡ್ಯದ ಗದ್ದೆಗಳು ಬಂದುಬಿಡುತ್ತವೆ. ಹದಿನೆಂಟನೆಯ ಶತಮಾನದ ದಂಡಾಳಿಗೆ ಹಾಗಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಬೆಂಗಳೂರಿನಿಂದ ಹೋಗಬೇಕಾದ ಸೇನೆಗೆ ಮುಖ್ಯವಾಗಿ ಎರಡು ದಾರಿಗಳು. ರಾಮಗಿರಿ, ಶಿವನಗಿರಿಗಳ ಅಡಿಯಲ್ಲಿ ಚನ್ನಪಟ್ಟಣದ ಮೇಲೆ ಹಾದುಹೋಗುವ ರಾಜಮಾರ್ಗವೊಂದು. ದಕ್ಷಿಣಕ್ಕೆ ಬಾಗಿ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಕಾಡುಗಳ ಮೂಲಕ ಕಾವೇರಿಯತ್ತ ಇಳಿಯುವ ದಾರಿ ಮತ್ತೊಂದು. ರಾಜಮಾರ್ಗದ ಬಲಗಡೆಯಲ್ಲಿ ಮಾಗಡಿಯ ಸಾವನದುರ್ಗ ಮತ್ತು ಹುತ್ರಿದುರ್ಗಗಳು ಕಾವಲುಗಾರರಂತೆ ನಿಂತಿವೆ. ಶ್ರೀರಂಗಪಟ್ಟಣಕ್ಕೆ ಈ ಸೀಮೆಯೇ ಹೆಬ್ಬಾಗಿಲು. ಬಾಗಿಲಿಗೆ ಬೀಳುವ ಪೆಟ್ಟು ಮನೆಯೊಡೆಯನಿಗಿಂತ ಮೊದಲು ಬಾಗಿಲಿಗೇ ತಾಗುವುದೆಂಬುದನ್ನು ಹೇಳಬೇಕಾದುದಿಲ್ಲ.

ಹಕ್ಕಿನ ವಿವಾದವನ್ನು ಮೊದಲು ನೋಡೋಣ. 1761ರಲ್ಲಿ ನವಾಬ ಹೈದರಾಲಿಯು ಮೈಸೂರಿನ ಸರ್ವಾಧಿಕಾರವನ್ನು ವಶಪಡಿಸಿಕೊಂಡನು. ಒಡೆಯರ ಮನೆತನದವರು ಅರಮನೆಯಲ್ಲಿ ಹೆಸರಿಗೆ ಮಾತ್ರ ದೊರೆಗಳಾಗಿ ಉಳಿದರು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಈ ಸ್ಥಿತಿಗೆ ತಲೆಬಾಗಲಿಲ್ಲ. ತಿರುಮಲರಾವ್ ಮತ್ತು ನಾರಾಯಣರಾವ್ ಎಂಬ ಸೋದರರ ಮೂಲಕ ಇಂಗ್ಲಿಷರೊಡನೆ ಗುಪ್ತವಾಗಿ ಮಾತುಕತೆ ನಡೆಸಿ, 1782ನೆಯ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಕಂಪೆನಿಯ ಪ್ರತಿನಿಧಿಯಾದ ಸುಲ್ಲಿವನ್ನನೊಡನೆ ಒಡಂಬಡಿಕೆ ಮಾಡಿಸಿದರು. ಕಂಪೆನಿಯು ರಾಜ್ಯವನ್ನು ಗೆದ್ದು ಒಡೆಯರ ಮನೆತನಕ್ಕೆ ಕೊಡಬೇಕು; ರಾಣಿಯ ಪಕ್ಷದವರು ದಂಡು ಮುಂದುವರಿದಂತೆಲ್ಲ ಹಂತಹಂತವಾಗಿ ಹಣ ಸಲ್ಲಿಸಬೇಕು. ಒಂದು ರಾಜ್ಯಕ್ಕೆ ಎರಡು ಸರ್ಕಾರಗಳಾದದ್ದು ಅಂದೇ. ಕತ್ತಿ ಹಿಡಿದಿದ್ದ ಸರ್ಕಾರವು ಶ್ರೀರಂಗಪಟ್ಟಣದ ಕೋಟೆಯಲ್ಲಿದ್ದಿತು. ಪರಂಪರೆಯ ಹಕ್ಕು ಹೇಳಿಕೊಂಡ ಸರ್ಕಾರವು ಅದೇ ಕೋಟೆಯ ಅಂತಃಪುರದಲ್ಲಿಯೂ ತಂಜಾವೂರಿನ ಒಂದು ಕಾಗದದ ಮೇಲೆಯೂ ಇದ್ದಿತು.

ರಾಣಿಯವರ ಹಕ್ಕನ್ನು ಹಗುರವಾಗಿ ಕಾಣುವವರು ನಾವಲ್ಲ. ಸೆರೆಮನೆಯಂತಿದ್ದ ಅರಮನೆಯಲ್ಲಿ ದಶಕಗಳ ಕಾಲ ಧೈರ್ಯಗುಂದದೆ ಮನೆತನದ ಆಸೆಯನ್ನು ಕಾದುಕೊಂಡು ಬಂದ ಹೆಣ್ಣುಮಗಳು ಆಕೆ. ಈ ಗುಪ್ತವ್ಯವಹಾರಕ್ಕೆ ಪ್ರಾಣದಿಂದ ಬೆಲೆ ತೆತ್ತವರೂ ಉಂಟು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕಚತುರ್ದಶಿಯ ಹಬ್ಬವನ್ನು ಆಚರಿಸದಿರುವುದಕ್ಕೆ, ಟಿಪ್ಪೂ ಸುಲ್ತಾನನು ತಮ್ಮವರನ್ನು ಆ ದಿನ ಕೊಲ್ಲಿಸಿದುದೇ ಕಾರಣವೆಂದು ಹಿರಿಯರು ಹೇಳುತ್ತ ಬಂದಿರುವರು. ಕೊಡಗಿನವರೂ ಮಲೆಯಾಳದವರೂ ಸುಲ್ತಾನನನ್ನು ನೆನೆಯುವ ರೀತಿಯೇ ಬೇರೆ. ಅತ್ತಲಾಗಿ, ಅವನ ಪಕ್ಷದವರು ಹೇಳುವುದೂ ಸುಳ್ಳಲ್ಲ: ಪರಕೀಯರ ಕಂಪೆನಿಗೆ ಮಣಿಯದೆ ಕತ್ತಿ ಹಿಡಿದೇ ಮಡಿದ ದೊರೆಗಳು ಆ ಕಾಲದ ಹಿಂದೂದೇಶದಲ್ಲಿ ಎಷ್ಟು ಮಂದಿ? ಈ ತೂಕವನ್ನು ಕನ್ನಡಿಗರು ಇಂದಿಗೂ ತೂಗುತ್ತಲೇ ಇದ್ದಾರೆ. ಜಯಂತಿಯ ವಿಷಯದಲ್ಲಿ ನಡೆದ ಜಗಳವನ್ನು ನೋಡಿದರೆ ಮುಂದೆಯೂ ತೂಗುವರೆಂದು ತೋರುತ್ತದೆ. ಇಲ್ಲಿ ನಮ್ಮ ಪ್ರಶ್ನೆಯು ಅದಲ್ಲ. ಹಕ್ಕುದಾರರಿಬ್ಬರೂ ನಂಬಿದ ಹೊರಗಿನವರು ಅವರನ್ನು ಹೇಗೆ ನಡೆಸಿಕೊಂಡರು ಎಂಬುದು.

ಸುಲ್ತಾನನು ನಂಬಿದ್ದು ಫ್ರೆಂಚರನ್ನು. 1783ರಲ್ಲಿ ಅವನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಫ್ರೆಂಚ್ ಸೈನಿಕರು ಅವನ ಪಾಳೆಯದಲ್ಲಿದ್ದರು. ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾಯಿತೆಂಬ ವಾರ್ತೆ ಬಂದಿತು. ಫ್ರೆಂಚರು ಕೂಡಲೇ ಕೈಬಿಟ್ಟು ಮುತ್ತಿಗೆಯ ನಡುವಿನಿಂದಲೇ ಹಿಂದೆ ಸರಿದರು. ಮಿತ್ರನ ಯುದ್ಧವು ಮುಗಿಯಿತೇ ಎಂದು ಕೇಳಲಿಲ್ಲ. ತಮ್ಮದು ಮುಗಿಯಿತು, ಅಷ್ಟೆ. ಇತ್ತ ಇಂಗ್ಲಿಷರು 1784ನೆಯ ಮಾರ್ಚಿ 11ರಂದು ಅದೇ ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಸಂಧಿ ಮಾಡಿಕೊಂಡರು. ತಂಜಾವೂರಿನ ಒಡಂಬಡಿಕೆಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಂಗಳೂರಿನ ಕರಾರಿನಲ್ಲಿ ರಾಣಿಯವರ ಪೀಠಕ್ಕೆ ಸ್ಥಳವಿರಲಿಲ್ಲ. ಅವರು ಅಂತಃಪುರದಲ್ಲಿ ಉಳಿದರು. ಅವರ ರಹಸ್ಯವಾದರೋ ಬಯಲಾಗಿತ್ತು. ಹೀಗೆ ಒಂದೇ ಊರಿನಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ಮೈಸೂರಿನ ಎರಡು ಸರ್ಕಾರಗಳನ್ನೂ ಅವುಗಳ ಪೋಷಕರು ಕೈಬಿಟ್ಟರು. ನ್ಯಾಯ ಯಾವ ಪಕ್ಷದಲ್ಲಿದ್ದಿತೆಂಬುದು ಇಬ್ಬರು ಪೋಷಕರಿಗೂ ಅಡ್ಡಿಯಾಗಲಿಲ್ಲ.

ಬಳಿಕ ಬಂದದ್ದು 1790ರ ಯುದ್ಧ. ತಿರುವಾಂಕೂರನ್ನು ರಕ್ಷಿಸಬೇಕೆಂಬುದು ಇಂಗ್ಲಿಷರು ಕೊಟ್ಟ ಕಾರಣ. ಆ ವರ್ಷದ ಜೂನ್ ತಿಂಗಳಿನಲ್ಲಿ ಪುಣೆಯ ಪೇಶ್ವೆಯೊಡನೆಯೂ ಜುಲೈಯಲ್ಲಿ ಹೈದರಾಬಾದಿನ ನಿಜಾಮನೊಡನೆಯೂ ಕರಾರುಗಳಾದವು. ಗೆದ್ದುದನ್ನು ಹಂಚಿಕೊಳ್ಳುವ ಮಾತು ಯುದ್ಧಕ್ಕೆ ಮೊದಲೇ ಆ ಕರಾರುಗಳಲ್ಲಿ ಸೇರಿತ್ತು. ದಂಡನಾಯಕನಾಗಿ ಬಂದವನು ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಒಂಬತ್ತು ವರ್ಷಗಳ ಹಿಂದೆ ಯಾರ್ಕ್‌ಟೌನಿನಲ್ಲಿ ಅಮೆರಿಕನರಿಗೂ ಅವರ ನೆರವಿಗೆ ಬಂದ ಫ್ರೆಂಚರಿಗೂ ಸೋತು ಶಸ್ತ್ರವಿಟ್ಟವನು ಇವನೇ. ಹೊರಗಿನ ದಂಡು ಎಷ್ಟು ಕೆಲಸ ಮಾಡಬಲ್ಲುದೆಂಬುದನ್ನು ಅವನಿಗೆ ಬೇರೆಯವರು ಕಲಿಸಬೇಕಾಗಿರಲಿಲ್ಲ.

1791ನೆಯ ಮಾರ್ಚಿ 21ರಂದು ಬೆಂಗಳೂರಿನ ಕೋಟೆ ಬಿದ್ದಿತು. ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಹೊರಟನು. ಶತ್ರುವು ಚನ್ನಪಟ್ಟಣದ ರಾಜಮಾರ್ಗದಲ್ಲಿಯೇ ಬರುವನೆಂದು ಎಣಿಸಿ ಸುಲ್ತಾನನು ಆ ದಾರಿಯುದ್ದಕ್ಕೂ ಹುಲ್ಲು, ಧಾನ್ಯಗಳನ್ನು ಸುಡಿಸಿ ಜನರನ್ನು ಎಬ್ಬಿಸಿದ್ದನು. ಕಾರ್ನ್‌ವಾಲಿಸನು ಇದನ್ನು ತಿಳಿದು ಕಾನಕಾನಹಳ್ಳಿಯ ದಾರಿ ಹಿಡಿದನು. ಅಲ್ಲಿಯೂ ಬೆಂಕಿಯೇ ಮುಂದಾಗಿ ಹೋಗಿತ್ತು. ಇಂಗ್ಲಿಷ್ ದಂಡಿಗೆ ಉಪಯೋಗವಾಗಬಾರದೆಂದು ಕಾನಕಾನಹಳ್ಳಿಯ ಕೋಟೆಯನ್ನೂ ಊರನ್ನೂ ಸುಲ್ತಾನನು ಎರಡು ಸಲ ಹಾಳುಗೆಡವಿಸಿದನೆಂದು ಮೈಸೂರು ಗ್ಯಾಸೆಟಿಯರು ದಾಖಲಿಸಿದೆ. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಊರನ್ನು ಸುಟ್ಟವನು ಶತ್ರುವಲ್ಲ. ಅದರ ಸ್ವಂತ ದೊರೆ. ಯುದ್ಧನೀತಿಯ ದೃಷ್ಟಿಯಿಂದ ಅದು ತಪ್ಪೆಂದು ಯಾವ ಸೇನಾನಿಯೂ ಹೇಳಲಾರನು, ಏಕೆಂದರೆ ಆ ಬೆಂಕಿಯೇ ಆ ವರ್ಷ ಶ್ರೀರಂಗಪಟ್ಟಣವನ್ನು ಉಳಿಸಿತು. ಮೇವಿಲ್ಲದೆ ಎತ್ತುಗಳು ಸತ್ತವು, ಮಳೆ ಹಿಡಿಯಿತು, ಅಕ್ಕಿ ಮುಗಿಯಿತು, ಸೈನಿಕರಲ್ಲಿ ರೋಗ ಹಬ್ಬಿತು. ಮೇ 15ರಂದು ಅರಕೆರೆಯ ಬಳಿಯ ಕಾಳಗದಲ್ಲಿ ಮೇಲುಗೈಯಾದರೂ ಕಾರ್ನ್‌ವಾಲಿಸನು ಒಂದೇ ವಾರದಲ್ಲಿ ತನ್ನ ಮುತ್ತಿಗೆಯ ಹಿರಿಯ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ರಾಜಧಾನಿ ಉಳಿಯಿತು, ಕಾನಕಾನಹಳ್ಳಿ ಉಳಿಯಲಿಲ್ಲ. ಯಾವ ಕಾಗದಕ್ಕೂ ರುಜು ಹಾಕದ, ಫ್ರೆಂಚನನ್ನೂ ಇಂಗ್ಲಿಷನನ್ನೂ ಕರೆಯದ ರೈತನು ತನ್ನ ಕಣಜವನ್ನು ಕಳೆದುಕೊಂಡನು.

ಹಸಿದು ಹಿಂದಿರುಗುತ್ತಿದ್ದ ಇಂಗ್ಲಿಷ್ ದಂಡಿಗೆ ದಾರಿಯಲ್ಲಿ ಹರಿಪಂತ ಮತ್ತು ಪರಶುರಾಮ ಭಾವು ಇವರ ಮರಾಠಾ ಸೇನೆಗಳು ಎದುರಾದವು. ಅವರ ಪಾಳೆಯದ ಬಜಾರಿನಲ್ಲಿ ಇಲ್ಲದ ವಸ್ತುವಿರಲಿಲ್ಲವೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸನು ವರ್ಣಿಸಿರುವನು: ಸೀಮೆಯ ಬಟ್ಟೆ, ಕಾಶ್ಮೀರದ ಶಾಲು, ವಜ್ರಗಳಿಂದ ಹಿಡಿದು ಯಾವಳೋ ಹಳ್ಳಿಯ ಹುಡುಗಿಯ ಕಿವಿಯಿಂದ ಕಿತ್ತ ಬೆಳ್ಳಿಯ ಓಲೆಯವರೆಗೆ. ಅದೇ ವರ್ಷ ಪರಶುರಾಮ ಭಾವುವಿನ ಸೇನೆಯ ಕೊಳ್ಳೆಗಾರರು ಶೃಂಗೇರಿಯ ಮಠವನ್ನು ಸುಲಿದರು. ಶಾರದಾ ದೇವಿಯ ವಿಗ್ರಹವನ್ನು ಸ್ಥಾನಪಲ್ಲಟಗೊಳಿಸಿದರು. ಶಂಕರಾಚಾರ್ಯರ ದುಃಖಕ್ಕೆ ಉತ್ತರ ಬರೆದು ಪುನಃ ಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದವನು ಟಿಪ್ಪೂ ಸುಲ್ತಾನ. ಆ ಪತ್ರಗಳನ್ನು ಪ್ರಾಕ್ತನವಿಮರ್ಶೆಯ ಇಲಾಖೆಯ ಮುಖ್ಯರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಮತಧರ್ಮದ ರೇಖೆಗಳನ್ನು ಎಳೆದು ಈ ಯುದ್ಧವನ್ನು ಬಿಡಿಸಿ ತೋರಿಸಬಯಸುವವರಿಗೆ ಈ ಪತ್ರಗಳು ಅನುಕೂಲವಾದುವಲ್ಲ.

ಮಳೆಗಾಲ ಕಳೆದ ಮೇಲೆ ಕಾರ್ನ್‌ವಾಲಿಸನು ಪಾಠ ಕಲಿತವನಂತೆ ವರ್ತಿಸಿದನು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಅಕ್ಕಿಯ ಹೇರುಗಳು ನಿರ್ಭಯವಾಗಿ ಸಾಗಬೇಕಾದರೆ ನಡುವಿನ ದುರ್ಗಗಳೆಲ್ಲ ಕೈಸೇರಬೇಕು. ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳ ಆ ಬೃಹತ್ತಾದ ಏಕಶಿಲೆಯನ್ನೂ ಅದರ ಸುತ್ತಣ ಬಿದಿರಿನ ಹಿಂಡನ್ನೂ ಕಂಡವರಿಗೆ, ಅಲ್ಲಿಗೆ ಫಿರಂಗಿಗಳನ್ನು ಎಳೆಸುವುದು ಎಂಥ ಸಾಹಸವೆಂಬುದು ತಿಳಿಯುವುದು. ಆ ಕಾಡಿನ ಜ್ವರದ ಕೀರ್ತಿಯಂತೂ ದೊಡ್ಡದು. ಇಂಗ್ಲಿಷರಲ್ಲಿ ಅರ್ಧ ಮಂದಿಯನ್ನು ರೋಗವೇ ಕೊಲ್ಲುವುದು, ಉಳಿದರ್ಧವನ್ನು ನಾವು ಕೊಲ್ಲುವೆವು ಎಂದು ಸುಲ್ತಾನನು ಸಂತೋಷಪಟ್ಟನೆಂಬುದಾಗಿ ಇಂಗ್ಲಿಷ್ ಗ್ರಂಥಕರ್ತರು ಬರೆದಿರುವರು. ಕರ್ನಲ್ ಸ್ಟುವರ್ಟನು ಡಿಸೆಂಬರ್ 10ರಂದು ಬೆಟ್ಟದ ಬುಡದಲ್ಲಿ ಬೀಡುಬಿಟ್ಟನು. 17ರಂದು ಫಿರಂಗಿಗಳು ಹಾರಿದವು. 21ರಂದು ಹಾಡಹಗಲಿನಲ್ಲಿ, ಬ್ಯಾಂಡಿನ ವಾದ್ಯ ನುಡಿಯುತ್ತಿರಲು, ಲಗ್ಗೆ ನಡೆಯಿತು. ಒಂದು ಗಂಟೆಯೊಳಗಾಗಿ ದುರ್ಗವು ಕೈವಶವಾಯಿತು. ಇಂಗ್ಲಿಷರ ಕಡೆ ಒಬ್ಬ ಸಿಪಾಯಿಗೆ ಗಾಯವಾದುದಷ್ಟೇ ನಷ್ಟ. ದುರ್ಗದೊಳಗಿನವರಲ್ಲಿ ಅನೇಕರು ಕತ್ತಿಗೆ ಸಿಕ್ಕಿಯೂ ಬಂಡೆಗಳಿಂದ ಉರುಳಿಬಿದ್ದೂ ಸತ್ತರು. ರಾಮಗಿರಿ, ಶಿವನಗಿರಿಗಳೂ ಹುತ್ರಿದುರ್ಗವೂ ಆ ವಾರದಲ್ಲೇ ಕೈಬಿಟ್ಟವು. ಹೆಬ್ಬಾಗಿಲು ತೆರೆಯಿತು. ಇಂಗ್ಲಿಷ್ ಚಿತ್ರಕಾರನಾದ ರಾಬರ್ಟ್ ಹೋಮನು ದಂಡಿನೊಡನೆ ಬಂದು ಈ ಬೆಟ್ಟಗಳ ಚಿತ್ರಗಳನ್ನು ಬರೆದು 1794ರಲ್ಲಿ ಅಚ್ಚು ಹಾಕಿಸಿದನು. ಬಹಳ ಸೊಗಸಾದ ಚಿತ್ರಗಳು. ಬೆಟ್ಟ, ಮೋಡ, ಮರಗಳೆಲ್ಲ ಅಂದವಾಗಿವೆ.

ಈ ಸಾವನದುರ್ಗದ ಮಾತಿನಲ್ಲಿ ನಮ್ಮ ಮೈಸೂರಿನವರೂ ಒಂದು ಸಂಗತಿಯನ್ನು ಮರೆಯಬಾರದು. ದುರ್ಗವು ಮೊದಲು ಮಾಗಡಿಯ ಕೆಂಪೇಗೌಡರ ಮನೆತನದ್ದು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಅದನ್ನು ಗೆದ್ದು, ಆ ವಂಶದ ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದನು. ಚನ್ನಪಟ್ಟಣದ ಜಗದೇವರಾಯರ ಸೀಮೆಯನ್ನು ಮೈಸೂರಿನವರು ಅದಕ್ಕೂ ನೂರು ವರ್ಷ ಮುಂಚೆ, 1630ರಲ್ಲಿಯೇ, ಕಸಿದಿದ್ದರು. ಮಾಗಡಿಯವನ ಕಣ್ಣಿಗೆ ಶ್ರೀರಂಗಪಟ್ಟಣವೂ ಹೊರಗಿನ ಪ್ರಬಲಶಕ್ತಿಯೇ ಆಗಿತ್ತು. ಆದರೆ ಒಂದು ಭೇದವುಂಟು. ಮೈಸೂರಿನವರು ಗೆದ್ದೆವೆಂದು ಹೇಳಿ ಗೆದ್ದರು. ಇನ್ನೊಬ್ಬರ ಹಕ್ಕನ್ನು ಎತ್ತಿಹಿಡಿಯಲು ಬಂದೆವೆಂದು ಹೇಳಲಿಲ್ಲ.

1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಸಂಧಿಯಾಯಿತು. ಅರ್ಧರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಸುಲ್ತಾನನ ಇಬ್ಬರು ಎಳೆಯ ಮಕ್ಕಳು. ಕಂಪೆನಿ, ನಿಜಾಮ, ಪೇಶ್ವೆ ಮೂವರೂ ಹಂಚಿಕೊಂಡರು. ಒಡೆಯರ ಪೀಠದ ಮಾತು ಈ ಸಲವೂ ಏಳಲಿಲ್ಲ. ಸುಲ್ತಾನನು ಅರ್ಧರಾಜ್ಯದಲ್ಲಿ ಉಳಿದುಕೊಂಡು ಆ ಕೋಟಿಗಳನ್ನು ಪ್ರಜೆಗಳಿಂದಲೇ ಎತ್ತಿದನು. ಅವನಿಗೂ ಬುದ್ಧಿ ಬರಲಿಲ್ಲವೆಂದೇ ಹೇಳಬೇಕು. ಮಂಗಳೂರಿನಲ್ಲಿ ಕೈಕೊಟ್ಟ ಫ್ರೆಂಚರನ್ನೇ ಮತ್ತೆ ಆಶ್ರಯಿಸಿ ಮಾರಿಷಸ್ ದ್ವೀಪಕ್ಕೆ ದೂತರನ್ನು ಕಳುಹಿಸಿದನು. ಅಲ್ಲಿನ ಗವರ್ನರನು 1798ರ ಜನವರಿಯಲ್ಲಿ ಆ ಗುಟ್ಟನ್ನು ಬಹಿರಂಗವಾಗಿ ಪ್ರಕಟಿಸಿಬಿಟ್ಟನು. ನೆರವಿಗೆ ಬಂದವರು ನೂರರ ಆಸುಪಾಸಿನ ಮಂದಿ. ಈ ನೂರು ಮಂದಿಯ ನೆಪವನ್ನೇ ಹಿಡಿದು ವೆಲ್ಲೆಸ್ಲಿಯು ಮುಂದಿನ ವರ್ಷ ದಂಡೆತ್ತಿಸಿದನು. ಈ ಸಲವೂ ಇಂಗ್ಲಿಷರು ಹಿಡಿದದ್ದು ಕಾನಕಾನಹಳ್ಳಿಯ ದಾರಿ. 1799ನೆಯ ಮಾರ್ಚಿ 27ರಂದು ಮಳವಳ್ಳಿಯಲ್ಲಿ ಕಾಳಗ. ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಸುಲ್ತಾನನ ಅಂತ್ಯ.

ಆಗ, ಹದಿನೇಳು ವರ್ಷಗಳ ತರುವಾಯ, ತಂಜಾವೂರಿನ ಮಾತು ನಡೆಯಿತು. ನಡೆದ ಬಗೆಯನ್ನು ನೋಡಬೇಕು. ರಾಜ್ಯವನ್ನು ಸುಲ್ತಾನನ ಮಕ್ಕಳಿಗೆ ಕೊಡುವುದೋ ಒಡೆಯರಿಗೆ ಕೊಡುವುದೋ ಎಂಬುದನ್ನು ಇಂಗ್ಲಿಷರು ತಮ್ಮ ಅನುಕೂಲವನ್ನು ತೂಗಿ ನಿಶ್ಚಯಿಸಿದರು. ಕರಾವಳಿಯೂ ಕೊಯಮತ್ತೂರೂ ಮೊದಲೇ ಕಂಪೆನಿಯ ಪಾಲಿಗೆ ಹೋದವು. ಉಳಿದುದಕ್ಕೆ ಜೂನ್ 30ರಂದು, ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಎಂಟು ದಿನಗಳ ಮೇಲೆ, ಜುಲೈ 8ರಂದು, ಆ ಬಾಲಕನ ಹೆಸರಿನಲ್ಲಿ ಸಹಾಯಸೈನ್ಯದ ಒಡಂಬಡಿಕೆ ಆಯಿತು. ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಹನ್ನೆರಡು ಕಂತುಗಳಲ್ಲಿ ತಿಂಗಳು ತಿಂಗಳಿಗೆ ಸಲ್ಲಬೇಕು. ಯುದ್ಧ ಬಂದರೆ ಹೆಚ್ಚಿಗೆ ಕೊಡಬೇಕು. ಈ ಹಣವು ನಿಲ್ಲಬಹುದೆಂಬ ಶಂಕೆ ತೋರಿದರೆ, ನಿಂತರೆ ಎಂದಲ್ಲ, ಶಂಕೆ ತೋರಿದರೆ ಕಂಪೆನಿಯು ರಾಜ್ಯದ ಯಾವ ಭಾಗವನ್ನಾದರೂ ತನ್ನ ಕೈಗೆ ತೆಗೆದುಕೊಳ್ಳಬಹುದು. ಇದು ನಾಲ್ಕನೆಯ ಕಲಮು. ರುಜುವಾದ ದಿನ ಅದನ್ನು ಯಾರೂ ದೊಡ್ಡದಾಗಿ ಎಣಿಸಿದಂತೆ ಕಾಣದು. ಪಟ್ಟಾಭಿಷೇಕದ ಸಂಭ್ರಮದಲ್ಲಿ ಕಲಮುಗಳನ್ನು ಓದುವವರು ಎಲ್ಲ ಕಾಲದಲ್ಲಿಯೂ ಕಡಿಮೆ.

ಟಿಪ್ಪುವಿಗೆ ಅಧಿಕಾರಿಯಾಗಿದ್ದ ಪೂರ್ಣಯ್ಯನವರೇ ಹೊಸ ಸರ್ಕಾರದ ದಿವಾನರಾದರು. ನಿಷ್ಠೆಯ ಮಾತೆತ್ತಿ ಅವರನ್ನು ನಿಂದಿಸುವವರು, ಹಾಳುಬಿದ್ದ ಊರುಗಳಿಗೆ ಜನರನ್ನು ಮರಳಿ ತಂದವರಾರೆಂದು ಕೇಳಿಕೊಳ್ಳಲಿ. ನಮ್ಮ ಸರ್ಕಾರೀ ನೌಕರರಿಗೆ ಇದು ಚೆನ್ನಾಗಿ ಅರ್ಥವಾಗುವ ವಿಷಯ. ಅವರು 1800ರಲ್ಲಿ ರಾಮಗಿರಿಯ ಹತ್ತಿರ, ಕಾಡಿನ ನಡುವಣ ಹೆದ್ದಾರಿಯ ಕ್ಷೇಮಕ್ಕಾಗಿ, ಒಂದು ಪೇಟೆಯನ್ನು ಕಟ್ಟಿಸಿದರು. ಕಟ್ಟಿಸಿದವರು ಪೂರ್ಣಯ್ಯ; ಹೆಸರು ಮಾತ್ರ ಮೈಸೂರಿನ ಮೊದಲನೆಯ ರೆಸಿಡೆಂಟನಾದ ಬ್ಯಾರಿ ಕ್ಲೋಸನದು. ಸುಲ್ತಾನನ ಕಾಲದಲ್ಲಿ ಶಂಸೇರಾಬಾದೆನಿಸಿದ್ದ ಸ್ಥಳವು ಹೀಗೆ ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯಾನಂತರ ರಾಮನಗರವಾಯಿತು. 2007ರಲ್ಲಿ ಜಿಲ್ಲೆಯ ಕೇಂದ್ರವಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯದ ಮಂತ್ರಿಮಂಡಲವು ತೀರ್ಮಾನಿಸಿತು. ಭೂಗರ್ಭಶಾಸ್ತ್ರಜ್ಞರು ಮಾತ್ರ ಇಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೆಂದೇ ಕರೆಯುತ್ತಾರೆ.

ನಾಲ್ಕನೆಯ ಕಲಮು ಮೂವತ್ತೆರಡು ವರ್ಷ ಸುಮ್ಮನೆ ಮಲಗಿದ್ದಿತು. 1830ರಲ್ಲಿ ನಗರದ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆ ಒಡಂಬಡಿಕೆಯನ್ನೇ ಆಧಾರ ಮಾಡಿಕೊಂಡು ಆಡಳಿತವನ್ನೆಲ್ಲ ಕಿತ್ತುಕೊಂಡನು. ಕಲಮು ಹೇಳಿದ್ದು ಭಾಗವನ್ನು, ತೆಗೆದುಕೊಂಡದ್ದು ರಾಜ್ಯವನ್ನು. ಯಾರ ಹಕ್ಕನ್ನು ಸ್ಥಾಪಿಸಲೆಂದು ಯುದ್ಧ ನಡೆಯಿತೋ ಆ ಮಹಾರಾಜರೇ ತಮ್ಮ ಅರಮನೆಯಲ್ಲಿ ಅತಿಥಿಗಳಂತಾಗಿ, ಹಕ್ಕನ್ನು ಮರಳಿ ಕೊಡಿರೆಂದು ಬೇಡುತ್ತ 1868ರಲ್ಲಿ ತೀರಿಕೊಂಡರು. ರಾಜ್ಯವು ಮರಳಿದ್ದು ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ, 1881ನೆಯ ಮಾರ್ಚಿ 25ರಂದು. ಐವತ್ತು ವರ್ಷ! ಆಗಲೂ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದರು. ಹೆಚ್ಚಿನ ಹತ್ತೂವರೆ ಲಕ್ಷದ ವಸೂಲಿಯನ್ನು ಹದಿನೈದು ವರ್ಷ ತಡೆದಿಟ್ಟು 1896ರಿಂದ ಎತ್ತಿದರು. 1928ರಲ್ಲಿ ಮತ್ತೆ ಇಳಿಸಿದರು. ಮೂಲದ ಇಪ್ಪತ್ತನಾಲ್ಕೂವರೆ ಲಕ್ಷವು ಅನಂತರವೂ ನಡೆಯಿತು. ಸಾವನದುರ್ಗದ ಕೆಳಗೆ ಫಿರಂಗಿ ಎಳೆದವರ ಮರಿಮಕ್ಕಳೂ ಗತಿಸಿದ ಮೇಲೆ, ಮಾಗಡಿ ಚನ್ನಪಟ್ಟಣಗಳ ಕಂದಾಯದಿಂದ ಆ ದಂಡಿನ ಕೂಲಿಯು ಸಲ್ಲುತ್ತಲೇ ಇತ್ತು.

ಹಾಗಾದರೆ ಹೊರಗಿನ ನೆರವು ಎಂದೆಂದಿಗೂ ಕೂಡದೋ? ಅಮೆರಿಕನರು ಫ್ರೆಂಚರ ನೆರವಿನಿಂದಲೇ ಸ್ವತಂತ್ರರಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ನ್ಯಾಯವೇ. ನಮ್ಮ ದೇಶದ ಉದಾಹರಣೆಯೇ ಇನ್ನೂ ಹತ್ತಿರದ್ದು. 1971ರ ಏಪ್ರಿಲ್ 17ರಂದು ಪ್ರಮಾಣವಚನ ಸ್ವೀಕರಿಸಿದ ಬಾಂಗ್ಲಾದೇಶದ ಸರ್ಕಾರವೂ ಒಂದು ಪ್ರತಿಸರ್ಕಾರವೇ. ಡಿಸೆಂಬರಿನಲ್ಲಿ ಭಾರತದ ಸೈನ್ಯವು ಪ್ರವೇಶಿಸಿ, 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆಯ ಶರಣಾಗತಿಯನ್ನು ಪಡೆಯಿತು. 1972ರ ಮಾರ್ಚಿಯಲ್ಲಿ, ಮೂರು ತಿಂಗಳು ತುಂಬುವುದರೊಳಗೆ, ವಿದಾಯದ ಕವಾಯತು ನಡೆಸಿ ಹೊರಬಂದಿತು. ಹೆಚ್ಚು ನ್ಯಾಯವಾದ ಪಕ್ಷವೆಂಬುದರಿಂದ ಮಾತ್ರ ಆ ಕಾರ್ಯವು ಶೋಭಿಸಲಿಲ್ಲ. ಕಂದಾಯದ ಮೇಲೆ ಕೈಯಿಡದೆ ಹೊರಟುಬಂದುದರಿಂದ ಶೋಭಿಸಿತು. ಅದೇ ಭಾರತವು 1987ರಲ್ಲಿ ಸಿಂಹಳಕ್ಕೆ ಶಾಂತಿಪಾಲನೆಗೆಂದು ಕಳುಹಿಸಿದ ಸೈನ್ಯವು, ಯಾರನ್ನು ಕಾಯಲು ಹೋಯಿತೋ ಅವರ ನಡುವಿನವರೊಡನೆಯೇ ಹೋರಾಡಿ, ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚಿಯಲ್ಲಿ ಹಿಂದಿರುಗಿತು. ನಾವೇ ಹೊರಗಿನವರಾದಾಗಲೂ ಲೆಕ್ಕದ ಕ್ರಮವು ಬೇರೆಯಾಗುವುದಿಲ್ಲ.

ಆದುದರಿಂದ ನ್ಯಾಲಾದ ಸರ್ಕಾರವನ್ನು ಯಾರು ಮನ್ನಿಸಬೇಕು, ಖಾರ್ಟೂಮಿನದನ್ನು ಯಾರು ಬೆಂಬಲಿಸಬೇಕು ಎಂಬ ವಾದವನ್ನು ಪಂಡಿತರು ಹೂಡಿದಾಗ ನಮ್ಮ ಓದುಗರು ಬೇರೆ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಅಭಿಪ್ರಾಯ. ದಂಡಿನ ವೆಚ್ಚವನ್ನು ಯಾರು, ಯಾವುದರಿಂದ ಕೊಡುತ್ತಿದ್ದಾರೆ? ಸೂಡಾನಿನಲ್ಲಿ ಚಿನ್ನದ ಗಣಿಗಳಿವೆ, ಲಿಬಿಯಾದಲ್ಲಿ ಎಣ್ಣೆಯ ಬಾವಿಗಳಿವೆ. ಅವು ಯಾರ ಹೆಸರಿಗೆ ಒತ್ತೆಬಿದ್ದಿವೆ? ಹೊರಗಿನವರು ಹೊರಡುವ ದಿನವು ಕರಾರಿನಲ್ಲಿ ನಮೂದಾಗಿದೆಯೇ? ಪೋಷಕರಿಬ್ಬರು ತಮ್ಮತಮ್ಮೊಳಗೆ ರಾಜಿಯಾದರೆ ಹಕ್ಕುದಾರನ ಗತಿಯೇನು? ಆಫ್ರಿಕ ಒಕ್ಕೂಟವು 2025ರಲ್ಲಿ ನ್ಯಾಲಾದ ಸರ್ಕಾರವನ್ನು ಯಾರೂ ಮನ್ನಿಸಬಾರದೆಂದು ತನ್ನ ಸದಸ್ಯರಾಷ್ಟ್ರಗಳಿಗೆ ಕರೆಯಿತ್ತುದು ಯುಕ್ತವೇ. ಆದರೆ ಮನ್ನಣೆಯನ್ನು ತಡೆದಷ್ಟು ಸುಲಭವಾಗಿ ಶಸ್ತ್ರಗಳನ್ನು ತಡೆಯಲು ಯಾರಿಗೂ ಆಗಿಲ್ಲ.

ದೂರದ ಯುದ್ಧವೆಂದು ನಾವು ಕೈತೊಳೆದುಕೊಳ್ಳುವ ಹಾಗೂ ಇಲ್ಲ. 2023ರ ಏಪ್ರಿಲಿನಲ್ಲಿ ಸೂಡಾನಿನ ಅಲ್ ಫಾಶಿರ್ ನಗರದಲ್ಲಿ ಗುಂಡಿನ ಮಳೆಯ ನಡುವೆ ಸಿಕ್ಕಿಕೊಂಡವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದರು. ಮೂಲಿಕೆಗಳನ್ನೂ ತೈಲವನ್ನೂ ಮಾರಿ ಹೊಟ್ಟೆ ಹೊರೆಯಲು ಹೋದವರು. ಎರಡು ಸರ್ಕಾರಗಳಲ್ಲಿ ಯಾವುದರ ಹಕ್ಕು ಹೆಚ್ಚಿನದೆಂದು ಅವರನ್ನು ಯಾರೂ ಕೇಳಿರಲಿಲ್ಲ. ಭಾರತ ಸರ್ಕಾರವು ಕಾವೇರಿಯ ಹೆಸರಿಟ್ಟ ಕಾರ್ಯಾಚರಣೆಯೊಂದನ್ನು ನಡೆಸಿ ಅಲ್ಲಿನ ಭಾರತೀಯರನ್ನು ಹಡಗುಗಳಲ್ಲಿಯೂ ವಿಮಾನಗಳಲ್ಲಿಯೂ ಕರೆತಂದಿತು. ಹಕ್ಕಿಪಿಕ್ಕಿಗಳು ಊರು ಸೇರಿದರು. ಅಲ್ ಫಾಶಿರಿನವರಿಗೆ ಹೋಗಲು ಬೇರೆ ಊರಿರಲಿಲ್ಲ. ವರ್ಷಕ್ಕೂ ಮೀರಿದ ಮುತ್ತಿಗೆಯ ಬಳಿಕ 2025ರ ಅಕ್ಟೋಬರ್ ಕೊನೆಯ ವಾರದಲ್ಲಿ ಆ ನಗರವು ದಗಲೋ ಪಕ್ಷದವರ ವಶವಾಯಿತು.